ಖಾರವೊಂದೇ

ಜಾಡಿಯ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿಯುವ ಅಭ್ಯಾಸವನ್ನು ಜಯರಾಮ ಇನ್ನೂ ಬಿಟ್ಟಿರಲಿಲ್ಲ. ನೋಡುವವರು ಯಾರೂ ಇಲ್ಲದಾಗಲೂ ಹಾಗೆ ಮಾಡುತ್ತಿದ್ದ. ಈ ಶನಿವಾರ ಬೆಳಿಗ್ಗೆ ಗ್ಯಾರೇಜಿನಲ್ಲಿ ಅವನೊಬ್ಬನೇ ಇದ್ದ. ಹೆಂಡತಿ ವಾರಿಜಾ ನಿನ್ನೆಯೇ ರೈಲು ಹತ್ತಿ ಲಾಸ್ ಏಂಜಲೀಸಿಗೆ, ಮಗಳು ಅಕ್ಷಯಾಳ ಮನೆಗೆ ಹೋಗಿದ್ದಳು. ಆದರೂ, ಐದು ವಾರ ಉಪ್ಪುನೀರಿನಲ್ಲಿ ಕೂತು ಹುಳಿಬಂದ ಮೆಣಸಿನ ಮೇಲೆ ಅವನು ಬಗ್ಗಿ, ಕಣ್ಣು ಅರೆಮುಚ್ಚಿ, ಉಸಿರು ಒಳಗೆಳೆದು, ಬಲ್ಲವನ ಹಾಗೆ ತಲೆಯಾಡಿಸಿದ. ಏನೂ ಬರಲಿಲ್ಲ. ಎರಡು ವರ್ಷ ಒಂಬತ್ತು ತಿಂಗಳಿಂದ ಆ ಮೂಗಿಗೆ ಏನೂ ಬಂದಿರಲಿಲ್ಲ. ಗಾಳಿ ಬರುತ್ತಿತ್ತು, ಹೋಗುತ್ತಿತ್ತು. ಬಾಗಿಲು ತೆರೆದ ಖಾಲಿ ಮನೆಯಲ್ಲಿ ಓಡಾಡುವ ಹಾಗೆ.

ಮೂರು ಜಾಡಿಗಳಿದ್ದವು. ಒಂದರಲ್ಲಿ ಕಿತ್ತಳೆ ಬಣ್ಣದ ಹಬನೆರೊ ಮೆಣಸು, ಒಂದರಲ್ಲಿ ಸೆರಾನೊ ಮೆಣಸು, ದೊಡ್ಡದರಲ್ಲಿ ಎರಡರ ಜೊತೆ ಗಾಂಧಾರಿ ಮೆಣಸು. ದೊಡ್ಡ ಜಾಡಿಯಲ್ಲಿ ಭಾರಕ್ಕೆಂದು ಇಟ್ಟಿದ್ದ ಗಾಜಿನ ಬಿಲ್ಲೆ ಯಾವಾಗಲೋ ಓರೆಯಾಗಿ, ನಾಲ್ಕಾರು ಮೆಣಸು ನೀರಿನಿಂದ ಮೇಲೆದ್ದು ನಿಂತಿದ್ದವು. ಅವುಗಳ ಸುತ್ತ ಬಿಳಿಯ ಕೆನೆ. ಅಂಥ ಕೆನೆ ಬರುವುದು ಸಹಜ, ಚಮಚದಲ್ಲಿ ತೆಗೆದು ಬಿಸಾಡಿದರಾಯಿತು ಎಂದು ಅವನು ಓದಿದ್ದ. ತೆಗೆದ. ಹುಳಿ ಅಳೆಯುವ ಕಾಗದದ ಪಟ್ಟಿಯನ್ನು ಅದ್ದಿ ಬಲ್ಬಿನ ಹಳದಿ ಬೆಳಕಿಗೆ ಹಿಡಿದ. ಬಣ್ಣ ಇರಬೇಕಾದಲ್ಲೇ ಇದ್ದ ಹಾಗೆ ಕಂಡಿತು, ಸ್ವಲ್ಪ ಆಚೆ ಈಚೆ. ಮಾವನಿಗೆ ಇಂಥ ಪಟ್ಟಿ ಬೇಕಿರಲಿಲ್ಲ. ವಾರಿಜಾಳ ಅಪ್ಪ ಶಂಕರನಾರಾಯಣ ಐತಾಳರು ಬ್ರಹ್ಮಾವರದ ಬಸ್ ಸ್ಟ್ಯಾಂಡ್ ಎದುರು ಮೂವತ್ತೆರಡು ವರ್ಷ ಹೋಟೆಲು ನಡೆಸಿದವರು. ಗಲ್ಲಾಪೆಟ್ಟಿಗೆಯ ಹಿಂದೆ ಕೂತೇ ಒಳಗೆ ಸಾರಿಗೆ ಇಂಗು ಬಿದ್ದಿದೆಯೋ ಇಲ್ಲವೋ ಹೇಳುತ್ತಿದ್ದರಂತೆ. ೨೦೨೦ರ ಜನವರಿಯಲ್ಲಿ ಮೂರು ತಿಂಗಳಿಗೆಂದು ಸ್ಯಾನ್ ಡಿಯಾಗೋದ ರ್ಯಾಂಚೊ ಪೆನಾಸ್ಕಿಟೋಸ್‌ನ ಈ ಮನೆಗೆ ಬಂದವರು, ಕೋವಿಡ್ ಬಂದು ವಿಮಾನ ನಿಂತದ್ದರಿಂದ ಇಲ್ಲೇ ಉಳಿದರು. ಸುಮ್ಮನೆ ಕೂರಲಾಗದೆ, ಪೆಟ್ಟಿಗೆಯಲ್ಲಿ ತಂದಿದ್ದ ಒಣ ಗಾಂಧಾರಿ ಮೆಣಸಿನ ಬೀಜ ಉದುರಿಸಿ ಹಿತ್ತಲಲ್ಲಿ ಸಸಿ ಎಬ್ಬಿಸಿದರು. ಆ ವರ್ಷದ ಅಕ್ಟೋಬರಿನಲ್ಲಿ ಮೊದಲ ಹಣ್ಣುಮೆಣಸನ್ನು ಉಪ್ಪುನೀರಿಗೆ ಹಾಕಿ, ದಿನಕ್ಕೊಮ್ಮೆ ಮುಚ್ಚಳ ಸರಿಸಿ ಮೂಸಿ, "ಇವತ್ತಿಲ್ಲ ಜಯರಾಮ, ಇನ್ನೂ ಹಸಿ ವಾಸನೆ ಉಂಟು, ನಾಡಿದ್ದಿಗೆ ಆದೀತು" ಎನ್ನುತ್ತಿದ್ದರು. ಡಿಸೆಂಬರಿನ ಕೊನೆಯಲ್ಲಿ ಅವರು ತೀರಿಹೋದರು. ಗಿಡ ಉಳಿಯಿತು. ಇಲ್ಲಿಯ ಚಳಿಗೆ ಮೆಣಸಿನ ಗಿಡ ಸಾಯುವುದಿಲ್ಲ. ಎಲೆ ಉದುರಿಸಿಕೊಂಡು ಬೋಳಾಗಿ ನಿಂತು ಫೆಬ್ರವರಿಯಲ್ಲಿ ಮತ್ತೆ ಚಿಗುರುತ್ತದೆ.

ಸಾಸಿಗೆಂದು ಒಂದೊಂದು ಜಾಡಿಯದನ್ನೂ ಬೇರೆಬೇರೆಯಾಗಿ ಮಿಕ್ಸರಿನಲ್ಲಿ ಅರೆದು, ಜರಡಿಯಲ್ಲಿ ಸೋಸಿ, ಗ್ಯಾರೇಜಿನ ಬಾಗಿಲು ಪೂರ್ತಿ ಎತ್ತಿ, ಕರೆಂಟ್ ಒಲೆಯ ಮೇಲೆ ಕುದಿಸಲಿಟ್ಟ. ಕಣ್ಣಿಗೆ ಈಜುವವರ ಕನ್ನಡಕ. ಕುದಿ ಬಂದಾಗ ಪಕ್ಕದ ಮನೆಯ ಕಿಟಕಿ ಧಡ್ ಎಂದು ಮುಚ್ಚಿತು. ಜಯರಾಮನಿಗೆ ಒಳಗೊಳಗೇ ಹೆಮ್ಮೆಯಾಯಿತು. ಘಾಟು ಅಷ್ಟಿದೆ ಎಂದಾಯಿತು. ಚಮಚದ ತುದಿಯನ್ನು ನಾಲಗೆಗೆ ಮುಟ್ಟಿಸಿದ. ಹುಳಿ, ಉಪ್ಪು, ಆಮೇಲೆ ಅದು ಬಂತು: ನಾಲಗೆಯ ಅಂಚಿನಿಂದ ಶುರುವಾಗಿ, ಕಿವಿಯ ಬುಡಕ್ಕೆ ಏರಿ, ನೆತ್ತಿಯಲ್ಲಿ ಬೆವರೊಡೆಸಿ ನಿಂತ ಖಾರ. ಖಾರಕ್ಕೆ ಮೂಗು ಬೇಡ. ಅದು ರುಚಿಯೇ ಅಲ್ಲ, ಸುಡುವುದು ಅಷ್ಟೇ ಎಂದು ಅವನು ಎಲ್ಲೋ ಓದಿದ್ದ. ಮಾವ ಹೋದ ಮೇಲಿನ ತಿಂಗಳುಗಳಲ್ಲಿ ಅನ್ನ, ಸಾರು, ಮಾವಿನಹಣ್ಣು, ಎಲ್ಲವೂ ಬಾಯಲ್ಲಿ ಒದ್ದೆ ರಟ್ಟಿನ ಹಾಗೆ ಆಡುತ್ತಿದ್ದಾಗ ಒಂದು ಮಧ್ಯಾಹ್ನ ಹಿತ್ತಲಲ್ಲಿ ನಿಂತು ಒಂದು ಗಾಂಧಾರಿ ಮೆಣಸನ್ನು ಕಚ್ಚಿದ್ದ. ಬಾಯಿ ಇದೆ ಎಂದು ಗೊತ್ತಾಯಿತು. ಕಣ್ಣಲ್ಲಿ ನೀರು ಬಂತು, ಮೆಣಸಿಗೆ. ಆಮೇಲೆ ಬರುತ್ತಲೇ ಹೋಯಿತು, ಅದು ಮೆಣಸಿಗಲ್ಲ. ಅಂದಿನಿಂದ ಹಿತ್ತಲಿನ ಹುಲ್ಲುಹಾಸನ್ನು ಅಗೆದು ಒಂದೊಂದೇ ಮಡಿ ಹೆಚ್ಚಿಸಿದ. ಈಗ ಸ್ಯಾನ್ ಡಿಯಾಗೋದ ಕನ್ನಡದವರೆಲ್ಲ ಅವನನ್ನು ಸಾಸ್ ಜಯರಾಮ ಎನ್ನುತ್ತಾರೆ. "ಏನ್ ಗುರೂ, ನಿಮ್ ಸಾಸ್ ತಿಂದು ನಮ್ ಬಾಸ್ ಕೆಂಪಗಾಗ್ಬಿಟ್ಟ" ಎಂದು ಸ್ಕ್ರಿಪ್ಸ್ ರ್ಯಾಂಚ್‌ನ ಗುರುಕಿರಣ್ ಪ್ರತಿ ಸಲವೂ ಹೇಳಿ ನಗುತ್ತಾನೆ. ಜಯರಾಮನೂ ನಗುತ್ತಾನೆ. ಗುರುಕಿರಣನ ಮುಖ ನೋಡುವುದು ಮಾತ್ರ ಅವನಿಗೆ ಕಷ್ಟ.

ಹನ್ನೆರಡು ಬಾಟಲಿಗಳನ್ನು ರಟ್ಟಿನ ಡಬ್ಬಿಯಲ್ಲಿ ಒತ್ತಾಗಿ ಜೋಡಿಸಿ ಫ್ರೀವೇ ಹಿಡಿದಾಗ ಹತ್ತು ಗಂಟೆ. ಅಕ್ಷಯಾ ಮತ್ತು ಅವಳ ಗಂಡ ಸಂದೇಶ್ ಲಾಸ್ ಏಂಜಲೀಸಿನ ಕಲ್ವರ್ ಸಿಟಿಯಲ್ಲಿ ಸಣ್ಣದೊಂದು ಮನೆ ಕೊಂಡಿದ್ದರು. ಇವತ್ತು ಅವರ ಆಫೀಸಿನ ಗೆಳೆಯರಿಗೆ ಊಟ. "ಅಪ್ಪಾ, ಬ್ರಿಂಗ್ ದಿ ಸಾಸ್, ಎವ್ರಿವನ್ ಈಸ್ ವೇಟಿಂಗ್" ಎಂದು ಮಗಳು ಎರಡು ಸಲ ಮೆಸೇಜು ಕಳಿಸಿದ್ದಳು. ಎಡಗಡೆ ಸಮುದ್ರ ಬಿಸಿಲಿಗೆ ತಗಡಿನ ಹಾಗೆ ಕಾಣುತ್ತಿತ್ತು. ಈ ಸಮುದ್ರಕ್ಕೆ ವಾಸನೆ ಇತ್ತೇ ಎಂದು ನೆನೆಸಿಕೊಳ್ಳಲು ಯತ್ನಿಸಿದ. ಬರಲಿಲ್ಲ. ವಾಸನೆಯ ನೆನಪಲ್ಲಿ ಅವನಿಗೆ ಉಳಿದಿದ್ದು ಒಂದೇ, ಅದೂ ವಾಸನೆ ಇಲ್ಲದ ಒಂದು ಬೆಳಗಿನ ನೆನಪು. ಗುರುವಾರ. ಮಾವ ಎಂದಿನಂತೆ ಡಿಕಾಕ್ಷನ್ ಇಳಿಸಿ, ಮೊದಲ ಲೋಟ ಅಳಿಯನ ಕೈಗಿತ್ತು, "ಪರಿಮಳ ಹೇಗೆ ಬಂತು ನೋಡು" ಎಂದರು. ಅವನು ಲೋಟ ಎತ್ತಿದ. ಬಿಸಿ ಇತ್ತು. ಹಬೆ ಮೂಗಿಗೆ ತಾಗಿತು. ಮತ್ತೇನೂ ಇರಲಿಲ್ಲ. ಅದರ ಅರ್ಥ ಆ ಡಿಸೆಂಬರಿನಲ್ಲಿ ಟಿವಿ ನೋಡುವ ಮಕ್ಕಳಿಗೂ ಗೊತ್ತಿತ್ತು. ಮಾವ ಮುಖವನ್ನೇ ನೋಡುತ್ತಿದ್ದರು. "ಫಸ್ಟ್ ಕ್ಲಾಸ್" ಎಂದ.

ಆಗಲೇ ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳಬಹುದಿತ್ತು. ಹಾಕಿಕೊಂಡರೆ ಕಾರಣ ಹೇಳಬೇಕು; ಕಾರಣ ಹೇಳಿದರೆ ಎಲ್ಲಿಂದ ಬಂತು ಎಂದು ಕೇಳುತ್ತಾರೆ; ಕೇಳಿದರೆ ಭಾನುವಾರ ಹೊರಬರುತ್ತದೆ. ಭಾನುವಾರ ಗುರುಕಿರಣನ ಮನೆಯ ಹಿತ್ತಲಲ್ಲಿ ಆರು ಜನ ಇಸ್ಪೀಟಿಗೆ ಸೇರಿದ್ದರು. ಹೋಗಬೇಡಿ, ಮನೆಯಲ್ಲಿ ಎಂಬತ್ತೊಂದರ ಜೀವ ಉಂಟು ಎಂದು ವಾರಿಜಾ ಮೊದಲೇ ಹೇಳಿದ್ದಳು. ಗಿಡಕ್ಕೆ ಗೊಬ್ಬರ ತರುತ್ತೇನೆಂದು ಹೊರಟಿದ್ದ. ಹಿತ್ತಲಲ್ಲಿ ಚಳಿಯಾಗಿ ಎಲ್ಲರೂ ಒಳಗೆ ಹೋಗಿ ಕೂತದ್ದು ಒಂದು ಗಂಟೆ ಇರಬಹುದು. ಬರುವಾಗ ನಿಜಕ್ಕೂ ಒಂದು ಚೀಲ ಗೊಬ್ಬರ ತಂದ. ಇಷ್ಟು ಸಣ್ಣ ಸುಳ್ಳು. ಮಕ್ಕಳು ಹೇಳುವಂಥದ್ದು. ಅದನ್ನು ಕಾಯಲು ಗುರುವಾರ ಇಡೀ ದಿನ ಏನೂ ಆಗದವನಂತೆ ಓಡಾಡಿದ. ಸಂಜೆ, ಊರಲ್ಲಿ ಬೆಳಗಾಗುತ್ತಿದ್ದ ಹೊತ್ತು, ವಾರಿಜಾಳ ಅಣ್ಣ ವಾದಿರಾಜ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡು ಲ್ಯಾಪ್‌ಟಾಪಿನಲ್ಲಿ ತೋರಿಸಿದ್ದ. ಮಾವನಿಗೆ ಕಿವಿ ಮಂದ. ಜಯರಾಮ ಪಕ್ಕದಲ್ಲಿ ಹೆಗಲಿಗೆ ಹೆಗಲು ತಾಗಿಸಿ ಕೂತು, ಅಲ್ಲಿ ಹೇಳಿದ್ದನ್ನೆಲ್ಲ ಅವರ ಕಿವಿಯಲ್ಲಿ ಗಟ್ಟಿಯಾಗಿ ಮತ್ತೆ ಹೇಳಿದ. "ಪ್ರಸಾದ ಯಾರ ಹತ್ರ ಕಳಿಸೋದು ಅಂತ ಕೇಳ್ತಿದ್ದಾರೆ ಮಾವ!" ಮಾವ ನಕ್ಕರು. ಕಿಟಕಿ ಮುಚ್ಚಿತ್ತು. ಒಂದೂವರೆ ಗಂಟೆ.

ಸೋಮವಾರ ಮಾವನಿಗೆ ಜ್ವರ ಬಂತು. ಮಂಗಳವಾರ ಮೂವರಿಗೂ ಟೆಸ್ಟ್ ಆಯಿತು, ಮೂವರಿಗೂ ಇತ್ತು. ಮನೆಯಿಂದ ದಿನವೂ ಹೊರಗೆ ಹೋಗುತ್ತಿದ್ದವಳು ವಾರಿಜಾ ಒಬ್ಬಳೇ, ಕರ್ನಿ ಮೆಸಾದ ಒಂದು ಔಷಧಿ ಅಂಗಡಿಯ ಕೌಂಟರಿಗೆ. ಅದರ ಹಿಂದಿನ ಶುಕ್ರವಾರ ಅಂಗಡಿಯಲ್ಲಿ ಮಾಡಿದ ಟೆಸ್ಟಿನಲ್ಲಿ ಅವಳಿಗೆ ಏನೂ ಇಲ್ಲವೆಂದು ಬಂದಿತ್ತು. "ಆ ಟೆಸ್ಟೇ ತಪ್ಪಿರ್ಬೇಕು" ಎಂದು ಅವಳೇ ಹೇಳಿದಳು. ಅವನು ಬಾಯಿ ಬಿಡಲಿಲ್ಲ. ಆಸ್ಪತ್ರೆಯ ಒಳಗೆ ಬಿಡುತ್ತಿರಲಿಲ್ಲ. ನರ್ಸ್ ಒಬ್ಬಳು ಫೋನನ್ನು ಮಾವನ ಮುಖಕ್ಕೆ ಹಿಡಿದಾಗ ವಾರಿಜಾ, "ಅಪ್ಪಾ, ಇದನ್ನ ನಾನು ತಂದದ್ದು, ನಾನೇ ತಂದದ್ದು" ಎಂದು ಅತ್ತಳು. ಮಾವನಿಗೆ ಕೇಳಿಸಿರಲಾರದು. ಹದಿಮೂರನೆಯ ದಿನ ವಾದಿರಾಜ ಫೋನಿನ ಸ್ಪೀಕರಿನಲ್ಲಿ ಹೇಳಿದ್ದ: "ಆ ಕೆಲಸ ಬಿಡು ಅಂತ ನಾನು ಮಾರ್ಚಲ್ಲೇ ಹೇಳಿದ್ದೆ. ಬಿಟ್ಟಿದ್ರೆ ಅಪ್ಪ ಇರ್ತಿದ್ರು." ವಾರಿಜಾ "ಹೌದು" ಎಂದಳು. ಜಯರಾಮ ಆಗ ಸಿಂಕಿನ ಮುಂದೆ ನಿಂತು ಆಗಲೇ ತೊಳೆದಿದ್ದ ತಟ್ಟೆಯನ್ನು ಮತ್ತೆ ತೊಳೆಯುತ್ತಿದ್ದ. ಆ ತಿಂಗಳೇ ಅವಳು ಕೆಲಸ ಬಿಟ್ಟಳು. ಅಣ್ಣ ತಂಗಿ ಈಗ ಯುಗಾದಿಗೆ, ದೀಪಾವಳಿಗೆ ಒಂದು ನಿಮಿಷ ಮಾತಾಡುತ್ತಾರೆ. ಮೂಗು ಹೋಗಿದೆ ಎಂದು ಹೇಳಲು ಅವನಿಗೆ ಸಾವಿರ ದಿನಗಳು ಸಿಕ್ಕಿದ್ದವು. ಮೂಗಿನ ಮಾತು ಎತ್ತಿದರೆ ಯಾವಾಗಿನಿಂದ ಎಂಬ ಪ್ರಶ್ನೆ ಬರುತ್ತದೆ. ಅದಕ್ಕೇ ಅವನು ಮೂಸುವುದನ್ನು ಕಲಿತ, ಊಟದ ಹೊತ್ತು ಮೊದಲು ಇತರರ ಮುಖ ನೋಡಿ ಆಮೇಲೆ ಆಹಾ ಎನ್ನುವುದನ್ನು ಕಲಿತ, ಹಾಲು ಕೆಟ್ಟಿದೆಯೇ ಎಂದು ವಾರಿಜಾ ಲೋಟ ಚಾಚಿದರೆ, "ನಿನಗೇನನ್ನಿಸ್ತದೆ?" ಎಂದು ತಿರುಗಿ ಕೇಳುವುದನ್ನು ಕಲಿತ.

ಮಗಳ ಮನೆಯ ಹಿತ್ತಲಲ್ಲಿ ಹನ್ನೆರಡು ಹದಿಮೂರು ಜನ ಇದ್ದರು. ಉದ್ದದ ಮೇಜಿನ ಮೇಲೆ ಟಾಕೊ, ಬೀನ್ಸು, ಹಣ್ಣು, ನಡುವೆ ವಾರಿಜಾ ಕರಿದ ಗೋಳಿಬಜೆಯ ರಾಶಿ. ಸಂದೇಶ್ ಎಲ್ಲರಿಗೂ, "ಇವರೇ ನಮ್ಮ ಮಾವ, ದಿ ಸಾಸ್ ಮ್ಯಾನ್" ಎಂದು ಪರಿಚಯಿಸಿದ. ಎರಡು ಬಾಟಲಿ ಮೇಜಿಗೆ ಬಂದವು. ಅಕ್ಷಯಾಳ ಆಫೀಸಿನ ಮಾರ್ಕೊ ಎಂಬವನು, ತನ್ನ ಅಜ್ಜಿಯೂ ಮನೆಯಲ್ಲೇ ಮಾಡುತ್ತಿದ್ದಳು ಎನ್ನುತ್ತ ಉತ್ಸಾಹದಿಂದ ದೊಡ್ಡ ಜಾಡಿಯ ಸಾಸ್ ಇದ್ದ ಬಾಟಲಿಯ ಬಿರಡೆ ತಿರುಗಿಸಿದ. ಮೂಗಿಗೆ ಹಿಡಿದವನು ಅರೆಕ್ಷಣ ತಡೆದ. ಬಹಳ ಮರ್ಯಾದೆಯಿಂದ ಅದನ್ನು ಕೆಳಗಿಟ್ಟು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಪಕ್ಕದ ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಳು. ಜಯರಾಮನಿಗೆ ಅವರು ಖಾರಕ್ಕೆ ಹೆದರಿದರು ಎನ್ನಿಸಿತು. ಅವನಿಗೆ ಪರಿಚಿತವಾದ, ಇಷ್ಟವಾದ ಕ್ಷಣ ಅದು. ಎಲ್ಲರೂ ಹಿಂಜರಿದಾಗ ತಾನು ಮುಂದೆ ಹೋಗುವುದು. ಒಂದು ಗೋಳಿಬಜೆ ಎತ್ತಿ, ಅದರ ಮೇಲೆ ಧಾರಾಳ ಸುರಿದು, ಇಡಿಯಾಗಿ ಬಾಯಿಗೆ ಹಾಕಿದ. ಫರ್ಮೆಂಟ್ ಆದದ್ದಕ್ಕೆ ಒಂದು ಬೇರೆಯೇ ಪರಿಮಳ ಇರುತ್ತದೆ, ಅಭ್ಯಾಸ ಆಗಬೇಕು ಎಂದು ಇಂಗ್ಲಿಷಿನಲ್ಲಿ ವಿವರಿಸಿದ. ಅಗಿದ. ತಲೆಯಾಡಿಸಿದ. ಇನ್ನೊಂದಕ್ಕೆ ಸುರಿದ.

ಯಾರೂ ನಗುತ್ತಿಲ್ಲ ಎಂದು ಗಮನಿಸಿದ್ದು ಆಮೇಲೆ. ಅಕ್ಷಯಾ ಹತ್ತಿರ ಬಂದು, ಕೆಳದನಿಯಲ್ಲಿ, ಆದರೆ ಎಲ್ಲರಿಗೂ ಕೇಳುವಂತೆಯೇ ಹೇಳಿದಳು: "ಅಪ್ಪಾ, ಪ್ಲೀಸ್ ಸ್ಟಾಪ್. ಇಟ್ಸ್ ರಾಟನ್. ಕಾಂಟ್ ಯು ಸ್ಮೆಲ್ ಇಟ್?" ಅದೇ ಹೊತ್ತಿಗೆ ಇನ್ನೊಂದು ತಟ್ಟೆ ಗೋಳಿಬಜೆ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದ ವಾರಿಜಾ, "ಎಂತದು ಮಾರಾಯ್ತಿ ಇದು, ಇಲಿ ಸತ್ತ ಹಾಗೆ ವಾಸನೆ!" ಎಂದವಳು, ಗಂಡನ ಕೈಯ ಬಾಟಲಿಯನ್ನು ನೋಡಿದಳು, ಅವನ ತುಟಿಯ ಅಂಚಿನ ಕೆಂಪನ್ನು ನೋಡಿದಳು. ಮಾರ್ಕೊ ಯಾವುದೋ ಫುಟ್‌ಬಾಲ್ ಪಂದ್ಯದ ಮಾತು ಎತ್ತಿ ಎಲ್ಲರನ್ನೂ ಆಚೆ ಕರೆದುಕೊಂಡು ಹೋದ. ಆ ಒಳ್ಳೆಯತನವೇ ಜಯರಾಮನಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಮಗಳು ಬಾಟಲಿಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಬಿಗಿದು, ಇನ್ನೊಂದು ಚೀಲಕ್ಕೆ ಹಾಕಿ ಬಿಗಿದು, ಕಸದ ಡಬ್ಬಿಯತ್ತ ತೋಳು ಮುಂದೆ ಚಾಚಿಕೊಂಡು ಒಯ್ದಳು. ಅವನು ಅಷ್ಟುದ್ದಕ್ಕೂ ಮೇಜಿನ ಬಳಿ ನಿಂತಿದ್ದ, ಬಾಯಿ ಉರಿಯುತ್ತಿತ್ತು, ನೀರು ಕೇಳಲು ನಾಚಿಕೆಯಾಯಿತು.

"ಒಳಗೆ ಬನ್ನಿ" ಎಂದಳು ವಾರಿಜಾ. ಅಡುಗೆಮನೆಯಲ್ಲಿ ಬಾಗಿಲು ಸರಿಸಿ, ಲೋಟದಲ್ಲಿ ಹಾಲು ಕೊಟ್ಟಳು. ಕುಡಿದಾದ ಮೇಲೆ, "ಕಣ್ಣು ಮುಚ್ಚಿ" ಎಂದಳು.

"ಎಂತಕ್ಕೆ?"

"ಮುಚ್ಚಿ ಅಂದ್ರೆ ಮುಚ್ಚಿ."

ಮುಚ್ಚಿದ. ಡಬ್ಬಿಯೊಂದರ ಮುಚ್ಚಳ ತೆರೆದ ಸದ್ದು. ಮೂಗಿನ ಕೆಳಗೆ ಲೋಹದ ತಣ್ಣನೆಯ ಅಂಚು ತಾಗಿತು.

"ಇದು ಎಂತದು ಹೇಳಿ."

ಅವನು ಉಸಿರೆಳೆದ. ಮಗಳ ಮನೆಯಲ್ಲಿ ಏನೇನು ಇರಬಹುದು, ಹೆಂಡತಿ ಯಾವುದಕ್ಕೆ ಕೈ ಹಾಕಿರಬಹುದು ಎಂದು ಲೆಕ್ಕ ಹಾಕಿದ. "ಏಲಕ್ಕಿ" ಎಂದ. ಕಣ್ಣು ತೆರೆದರೆ ಇಂಗಿನ ಡಬ್ಬಿ. ಐತಾಳರ ಮಗಳು ಅದನ್ನು ಹಿಡಿದುಕೊಂಡು, ಅಪರಿಚಿತನನ್ನು ನೋಡುವ ಹಾಗೆ ಅವನನ್ನು ನೋಡುತ್ತಿದ್ದಳು.

"ಯಾವಾಗಿಂದ?"

ಈ ಒಂದು ಪ್ರಶ್ನೆಗಾಗಿ ಎರಡು ವರ್ಷ ಒಂಬತ್ತು ತಿಂಗಳು ಕಾದಿದ್ದ. ಉತ್ತರ ಬಾಯಿಪಾಠವಾಗಿತ್ತು, ತಾನಾಗಿ ಬಂತು. "ಶೀತ ಆಗಿತ್ತಲ್ಲ. ಒಂದು ತಿಂಗಳಾಯ್ತೋ ಏನೋ."

ಅವಳ ಮುಖ ಸಡಿಲಾಯಿತು. ಡಬ್ಬಿ ಕೆಳಗಿಟ್ಟು, ಹಣೆ ಮುಟ್ಟಿ ನೋಡಿದಳು. "ಹೇಳ್ಲಿಕ್ಕೆ ಎಂತ ನಿಮಗೆ? ಜನರ ಎದುರು ಹೀಗೆ ಆಗುವ ಮೊದಲು ಹೇಳ್ಬಾರ್ದಾ?" ಸಿಂಕಿನತ್ತ ತಿರುಗಿ, ಲೋಟ ತೊಳೆಯುತ್ತ, ತನಗೇ ಹೇಳಿಕೊಂಡ ಹಾಗೆ ಅಂದಳು: "ಬರೀ ಶೀತ ಅಲ್ಲ. ಆಗ ಕೋವಿಡ್ ಆಯ್ತಲ್ಲ, ಅದರದ್ದೇ ಬಾಕಿ ಇರ್ಬೇಕು. ಕೆಲವರಿಗೆ ಎಷ್ಟೋ ಸಮಯದ ಮೇಲೆ ತೋರ್ತದಂತೆ. ಅಪ್ಪನಿಗೆ ತಂದದ್ದು ಸಾಲದು ಅಂತ ನಿಮ್ಮ ಮೂಗನ್ನೂ ತೆಗೆದೆ ನಾನು."

ಅವನು ಏನೋ ಹೇಳಲು ಬಾಯಿ ತೆರೆದ. ಅಕ್ಷಯಾ ಒಳಗೆ ಬಂದಳು. ಅಪ್ಪನ ಬೆನ್ನು ತಟ್ಟಿ, "ಇಟ್ಸ್ ಓಕೆ ಅಪ್ಪಾ, ನೋಬಡಿ ಮೈಂಡೆಡ್" ಎಂದಳು. ಅವಳು ತನ್ನನ್ನು ಮುದುಕನೆಂದು ತೀರ್ಮಾನಿಸಿದಳು ಎನ್ನುವುದು ಆ ತಟ್ಟುವಿಕೆಯಲ್ಲೇ ಗೊತ್ತಾಯಿತು. ಮಧ್ಯಾಹ್ನವೆಲ್ಲ ಅವನು ಹಿತ್ತಲ ಮೂಲೆಯ ಕುರ್ಚಿಯಲ್ಲಿ ಕೂತು, ಯಾರಾದರೂ ಮಾತಾಡಿಸಿದರೆ ಅಗತ್ಯಕ್ಕಿಂತ ಹೆಚ್ಚು ನಕ್ಕ. ಒಳಗೆ ಹೆಂಡತಿ ಪಾತ್ರೆ ಒರೆಸಿಡುವುದು ಕಿಟಕಿಯಲ್ಲಿ ಕಾಣುತ್ತಿತ್ತು. ಮಾವ ಹೋದ ಮೇಲಿನ ಅವನ ಸುಳ್ಳುಗಳೆಲ್ಲ ಸುಮ್ಮನಿದ್ದು ಆಡಿದವು. ಇವತ್ತಿನದು ಬಾಯಿಬಿಟ್ಟು ಹೇಳಿದ್ದು. ಮತ್ತು ಅವಳು ಅದನ್ನು ತೆಗೆದುಕೊಂಡು, ನೋಡನೋಡುತ್ತಲೇ, ತನ್ನ ತಲೆಯ ಮೇಲಿದ್ದ ಹೊರೆಗೇ ಸೇರಿಸಿಕೊಂಡಳು.

ನಾಲ್ಕೂವರೆಗೆ ಹೊರಟರು. ಸಂಜೆಯ ಟ್ರಾಫಿಕ್ಕಿನಲ್ಲಿ ಕಾರುಗಳು ನಿಂತು ನಿಂತು ಸಾಗಿದವು. ಯಾವ ಡಾಕ್ಟರಿಗೆ ತೋರಿಸಬೇಕು, ಇನ್ಶೂರೆನ್ಸಿನವರು ಸ್ಪೆಷಲಿಸ್ಟ್ ಹತ್ತಿರ ನೇರ ಬಿಡುತ್ತಾರೋ ಇಲ್ಲವೋ ಎಂದು ವಾರಿಜಾ ಮಾತಾಡುತ್ತಿದ್ದಳು. ಎಳ್ಳೆಣ್ಣೆಯ ನಸ್ಯ ಮಾಡಿದರೆ ಕೆಲವರಿಗೆ ಬಂದದ್ದುಂಟಂತೆ. ದಿನಾ ಬೆಳಿಗ್ಗೆ ಲವಂಗ, ನಿಂಬೆ ಸಿಪ್ಪೆ ಮೂಸಿ ಮೂಗನ್ನು ಮತ್ತೆ ಕಲಿಸಬೇಕಂತೆ. "ನಾನೇ ಕಲಿಸ್ತೇನೆ ಬಿಡಿ" ಎಂದಳು. ಓಷನ್‌ಸೈಡ್‌ಗೆ ಇನ್ನೂ ಸ್ವಲ್ಪ ದೂರವಿದ್ದಾಗ ರೆಸ್ಟ್ ಏರಿಯಾದ ಬೋರ್ಡು ಕಂಡಿತು. ಜಯರಾಮ ಏಕೆಂದು ಗೊತ್ತಿಲ್ಲದೆ ಸಿಗ್ನಲ್ ಹಾಕಿದ. ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಎರಡೂ ಕೈಗಳನ್ನು ಸ್ಟಿಯರಿಂಗ್ ಮೇಲೇ ಇಟ್ಟುಕೊಂಡ.

"ಬಾತ್‌ರೂಮಿಗಾ?" ಎಂದಳು.

"ಒಂದು ತಿಂಗಳಲ್ಲ."

"ಎಂತ?"

"ಮೂಗು. ಒಂದು ತಿಂಗಳಲ್ಲ. ವಾದಿರಾಜನ ಮನೆ ಪೂಜೆ ಆಯ್ತಲ್ಲ, ಲ್ಯಾಪ್‌ಟಾಪಲ್ಲಿ ನೋಡಿದ್ವಲ್ಲ. ಆ ಗುರುವಾರ ಬೆಳಿಗ್ಗೆಯಿಂದ. ಮಾವ ಕಾಫಿ ಕೊಟ್ರು. ವಾಸನೆ ಇರ್ಲಿಲ್ಲ."

ಅವಳು ಎದುರಿನ ಗಾಜನ್ನೇ ನೋಡಿದಳು. ಬಲಗೈಯ ಹೆಬ್ಬೆರಳು ಬೆರಳುಗಳ ಒಂದೊಂದೇ ಗೆಣ್ಣನ್ನು ಮುಟ್ಟಿಕೊಂಡು ಹೋಯಿತು. ಗುರುವಾರ, ಶುಕ್ರವಾರ, ಶನಿವಾರ, ಭಾನುವಾರ, ಸೋಮವಾರ. ಮತ್ತೆ ಹಿಂದಕ್ಕೆ ಬಂತು. ಔಷಧಿ ಅಂಗಡಿಯಲ್ಲಿ ಹತ್ತು ವರ್ಷ ಮಾತ್ರೆ ಎಣಿಸಿದ ಕೈ ಅದು.

"ಶುಕ್ರವಾರ ನನ್ನ ಟೆಸ್ಟಿನಲ್ಲಿ ಇಲ್ಲ ಅಂತ ಬಂದಿತ್ತು" ಎಂದಳು.

"ಹೌದು."

"ಅದು ಸರಿಯೇ ಇತ್ತು."

"ಹೌದು."

"ಅದರ ಹಿಂದಿನ ಭಾನುವಾರ ಗುರುಕಿರಣ್ ಮನೆಯಲ್ಲಿ ಇಸ್ಪೀಟಿತ್ತು. ಅಲ್ಲಿಗೇ ಹೋಗಿದ್ರಿ."

"ಹೂಂ."

"ಗೊಬ್ಬರ ತಂದಿದ್ರಿ."

"ಬರುವಾಗ ತಂದೆ."

ಅವಳ ಗಂಟಲಿನಿಂದ ಸಣ್ಣ ಶಬ್ದ ಬಂತು, ನಗು ಎನ್ನಬಹುದಾಗಿತ್ತು. ಲಾರಿಯೊಂದು ಬಂದು ಪಕ್ಕದಲ್ಲಿ ನಿಂತಿತು, ಚಾಲಕ ಇಳಿದು ಟೈರಿಗೆ ಒದ್ದು ನೋಡಿ ಹೋದ. "ಮೂರು ವರ್ಷ ನೀವು ನನ್ನ ಪಕ್ಕದಲ್ಲೇ ಮಲಗಿದ್ರಿ" ಎಂದಳು ವಾರಿಜಾ. ದನಿ ಏರಲಿಲ್ಲ. "ನಾನು ನಡುರಾತ್ರಿ ಎದ್ದು ಕೂರೋದನ್ನ ನೋಡ್ತಿದ್ರಿ. ನೀರು ತಂದು ಕೊಡ್ತಿದ್ರಿ. ಅಳ್ಬೇಡ, ಎಲ್ಲ ದೇವರಿಚ್ಛೆ ಅಂತಿದ್ರಿ. ಅದನ್ನ ಹೇಗೆ ಹೇಳಿದ್ರಿ ನೀವು?" ಹೆದರಿದ್ದೆ ಎನ್ನಬಹುದಿತ್ತು, ಹೆದರಿಕೆ ಮೊದಲ ವಾರದ್ದು. ಆಮೇಲಿನದಕ್ಕೆ ಹೆಸರಿಲ್ಲ. ಅವಳು ಅಪರಾಧಿಯಾಗಿ ಕೂತಿದ್ದಾಗ ತಾನು ಸಮಾಧಾನ ಹೇಳುವವನಾಗಿ ನಿಂತದ್ದು ತನಗೆ ಹಿತವೂ ಆಗಿತ್ತು ಎನ್ನುವುದು ಈಗ ಮೊದಲ ಸಲ, ನಾಲಗೆಗೆ ತಾಗಿದ ಹಾಗೆ, ಅವನಿಗೆ ತಿಳಿಯಿತು. ಅದನ್ನೂ ಹೇಳಬೇಕೆಂದು ತಿರುಗಿದ. ಅವಳು ಬಾಗಿಲು ತೆರೆದು ಇಳಿದಿದ್ದಳು.

ಹುಲ್ಲಿನ ಅಂಚಿಗೆ ಹೋಗಿ ಸಮುದ್ರದ ಕಡೆ ಮುಖ ಮಾಡಿ ನಿಂತಳು. ಸೀರೆಯಲ್ಲ, ಮಗಳು ಕೊಡಿಸಿದ ಜೀನ್ಸು. ಹಿಂದಿನಿಂದ ಯಾರದೋ ಹೆಂಡತಿಯ ಹಾಗೆ ಕಂಡಳು. ಎಷ್ಟೋ ಹೊತ್ತಿನ ಮೇಲೆ ತಿರುಗಿ ಬಂದು, ಮುಂದಿನ ಬಾಗಿಲನ್ನು ದಾಟಿ, ಹಿಂದಿನ ಸೀಟಿನಲ್ಲಿ ಕೂತಳು.

"ವಾದಿರಾಜನಿಗೆ ಫೋನ್ ಮಾಡಿ."

"ಈಗ?"

"ಅಲ್ಲಿ ಏಳು ಗಂಟೆ. ಎದ್ದಿರ್ತಾನೆ. ನೀವೇ ಹೇಳ್ಬೇಕು. ನಾನು ಒಂದು ಮಾತೂ ಹೇಳಿ ಕೊಡುವುದಿಲ್ಲ."

ಸ್ಪೀಕರಿಗೆ ಹಾಕಿದ. ಮೂರು ರಿಂಗಿಗೆ ವಾದಿರಾಜ ಎತ್ತಿದ. "ಹೇಳಿ ಭಾವ, ಎಂತ ಬೆಳಿಗ್ಗೆ ಬೆಳಿಗ್ಗೆ? ಎಲ್ಲ ಸೌಖ್ಯವಾ?" ಹಿನ್ನೆಲೆಯಲ್ಲಿ ಬಾವಿಯ ಪಂಪು ಓಡುತ್ತಿದ್ದ ಸದ್ದು. ಜಯರಾಮ ಹೇಳಿದ. ಭಾನುವಾರದಿಂದ ಶುರುಮಾಡಿ, ದಿನ ತಪ್ಪದೆ, ಎಲ್ಲಿಯೂ ತನಗೆ ಗೊತ್ತಿರಲಿಲ್ಲ ಎನ್ನದೆ ಹೇಳಿದ. ಕೋಣೆಯ ಕಿಟಕಿ ಮುಚ್ಚಿತ್ತೆಂಬುದನ್ನೂ ಹೇಳಿದ. ಆಚೆಯಿಂದ ಮೊದಲು ಹೂಂ ಹೂಂ ಬರುತ್ತಿತ್ತು, ಆಮೇಲೆ ಅದೂ ನಿಂತಿತು. ಯಾರೋ ಪಂಪು ನಿಲ್ಲಿಸಿದರು. ಮುಗಿಸಿದ ಮೇಲೆ ಬೈಗುಳಕ್ಕೆ ಕಾದ, ಬೈದರೆ ಒಳ್ಳೆಯದಿತ್ತು.

"ವಾರಿಜಾ ಇದ್ದಾಳಾ ಅಲ್ಲಿ?" ಎಂದ ವಾದಿರಾಜ. "ಅವಳಿಗೆ ಕೊಡಿ."

ಸೀಟುಗಳ ನಡುವಿನಿಂದ ಫೋನನ್ನು ಹಿಂದಕ್ಕೆ ಚಾಚಿದ. ಅವಳ ಬೆರಳು ಅವನ ಬೆರಳಿಗೆ ತಾಗದಂತೆ ತೆಗೆದುಕೊಂಡಿತು. ಸ್ಪೀಕರ್ ಆರಿಸಲು ಅವಳಿಗೆ ಹೊಳೆಯಲಿಲ್ಲ. ಅರುವತ್ತೆರಡರ ಗಂಡಸು ಏಳು ಸಮುದ್ರದಾಚೆ ಮೊದಲು ಕೆಮ್ಮಿದ, ಆಮೇಲೆ, "ನಾನು ಆವತ್ತು ನಿನಗೆ ಹಾಗೆ ಹೇಳಿದ್ದೆ ಅಲ್ವಾ, ನಾನು ಹಾಗೆ ಹೇಳಿದ್ದೆ" ಎಂದು ಅದನ್ನೇ ಎರಡು ಮೂರು ಸಲ ಹೇಳಿದ. ವಾರಿಜಾ, "ಆಯ್ತು ಅಣ್ಣ, ಆಯ್ತು, ಅಳ್ಬೇಡ" ಎಂದಳು. ಜಯರಾಮ ಸದ್ದಾಗದಂತೆ ಬಾಗಿಲು ತೆರೆದು ಇಳಿದು, ಗಾಜಿನಿಂದ ದೂರ ಹೋಗಿ ನಿಂತ. ಆ ಮಾತು ಅವನ ಪಾಲಿನದಾಗಿರಲಿಲ್ಲ.

ಸೂರ್ಯ ಮುಳುಗಿ, ಫ್ರೀವೇ ತುಂಬ ದೀಪಗಳು ಹತ್ತಿಕೊಂಡವು. ಅರ್ಧ ಗಂಟೆಯಾದರೂ ಆಗಿರಬೇಕು. ನಡುವೆ ಒಮ್ಮೆ ತಿರುಗಿ ನೋಡಿದ. ಅವಳು ಕಾಲು ಮಡಚಿ ಸೀಟಿನ ಮೇಲೆ ಇಟ್ಟುಕೊಂಡು, ಫೋನನ್ನು ಕೆನ್ನೆಗೆ ಒತ್ತಿ, ಏನನ್ನೋ ಕೈಯಾಡಿಸಿ ವಿವರಿಸುತ್ತಿದ್ದಳು, ಹೋಟೆಲಿನ ಯಾವುದೋ ಹಳೆಯ ಪ್ರಸಂಗವಿರಬೇಕು. ತನ್ನನ್ನು ಕರೆಯುತ್ತಾಳೆಂದು ಅವನು ಕಾಯುತ್ತಿರಲಿಲ್ಲ. ಕಡೆಗೆ ಕಿಟಕಿಯ ಗಾಜು ಇಳಿಯಿತು. "ಅಕ್ಷಯಾಗೂ ನೀವೇ ಹೇಳ್ಬೇಕು" ಎಂದಳು. "ಹೇಳ್ತೇನೆ" ಎಂದ. "ಹೋಗುವ" ಎಂದಳು.

ಅವಳು ಹಿಂದೆಯೇ ಉಳಿದಳು. ಓಷನ್‌ಸೈಡ್ ದಾಟಿ, ಕಾರ್ಲ್ಸ್‌ಬ್ಯಾಡ್ ದಾಟಿದ ಮೇಲೆ ಒಮ್ಮೆ ಕನ್ನಡಿಯಲ್ಲಿ ನೋಡಿದ. ವಾರಿಜಾ ತಲೆಯನ್ನು ಗಾಜಿಗೆ ಒರಗಿಸಿ, ಬಾಯಿ ತುಸು ತೆರೆದು, ನಿದ್ದೆ ಹೋಗಿದ್ದಳು. ಅಂಥ ನಿದ್ದೆಯನ್ನು ಅವಳ ಮುಖದಲ್ಲಿ ಅವನು ಎಂದು ನೋಡಿದ್ದನೋ ನೆನಪಾಗಲಿಲ್ಲ. ರೇಡಿಯೊ ಆರಿಸಿದ. ಬಲಗಡೆಯ ಲೇನಿಗೆ ಬಂದು, ಹಿಂದಿನವರು ದೀಪ ಮಿನುಗಿಸಿ ದಾಟಿಹೋಗುತ್ತಿದ್ದರೂ ನಿಧಾನವಾಗಿ, ಎಲ್ಲಿಯೂ ಬ್ರೇಕ್ ಒತ್ತಬೇಕಾಗದ ಹಾಗೆ ಓಡಿಸಿದ. ಮನೆಗೆ ಇನ್ನೂ ಇಪ್ಪತ್ತು ಮೈಲಿ. ಈ ರಾತ್ರಿಯೂ, ಮುಂದಿನ ಎಷ್ಟೋ ರಾತ್ರಿಗಳೂ, ಎದ್ದು ಕೂರುವವನು ಇನ್ನು ತಾನೇ ಎಂದು ಅವನಿಗೆ ಗೊತ್ತಿತ್ತು.